ಹೊಳೆ ದಡದ ಹಲ್ಲು

ಮುತ್ತುರಾಜು ಟವಲ್ಲಿನ ಗಂಟು ಬಿಚ್ಚಿದಾಗ ಒಳಗೊಂದು ಹಲ್ಲಿತ್ತು. ಮಾನ್ಯಳ ಹೆಬ್ಬೆರಳಿನಷ್ಟು ಉದ್ದ, ಇದ್ದಿಲಿನಂತೆ ಕಪ್ಪು. ಕೈಗೆ ತಗೊಂಡರೆ ಕಲ್ಲಿನ ಭಾರ.

"ರಾಕ್ಷಸನ್ದು" ಎಂದ. "ಕಬ್ಬಾಳು ಬೆಟ್ಟದ ತಪ್ಪಲಲ್ಲಿ ಮಲ್ಗಿದ್ದ. ಕಿತ್ಕಂಡ್ ಬಂದ್ಬುಟ್ಟೆ."

"ಅವನ್ಗೆ ನೋವಾಗ್ಲಿಲ್ವಾ?"

"ಒಸಿ ಕಿರುಚ್ಕಂಡ, ಪಾಪ."

ಮಾನ್ಯ ನಗು ನುಂಗಿದಳು. ಜಗಲಿಯ ಮೇಲಿದ್ದ ಅಪ್ಪ ಪುಟ್ಟಲಿಂಗಯ್ಯ ನಗಲಿಲ್ಲ. ಹೋದ ತಿಂಗಳು ಮುತ್ತುರಾಜನ ಮನೆಯವರು ಹೆಣ್ಣು ಕೇಳಲು ಬಂದಾಗ ಅಪ್ಪ ಹೇಳಿದ್ದು ಇಷ್ಟೇ: "ಹುಡ್ಗ ದುಡಿತಾನೆ. ಆದ್ರೆ ಬಾಯಲ್ಲಿ ನಿಜ ಅನ್ನೋದೇ ಬರಕಿಲ್ಲ. ಒಂದೇ ಒಂದ್ ನಿಜ ಹೇಳ್ಲಿ, ಆಮೇಲೆ ನೋಡನ." ಈ ಭಾನುವಾರ ಕುದೂರಿನಿಂದ ಬೇರೆ ಗಂಡಿನ ಕಡೆಯವರು ಬರುವವರಿದ್ದರು. ಮಾನ್ಯಳಿಗೆ ಅವರು ಬರುವುದೇ ಬೇಕಿರಲಿಲ್ಲ.

ಅವಳು ಕುರಿ ವ್ಯಾಪಾರದ ಮನೆಯಲ್ಲಿ ಬೆಳೆದವಳು. ಕುರಿಯ ಕೆಳತುಟಿ ಮಗುಚಿ, ಎರಡು ಹಲ್ಲೋ ನಾಲ್ಕು ಹಲ್ಲೋ ಎಣಿಸಿ ವಯಸ್ಸು ಹೇಳುವುದು ಬಸ್ಸಿನ ಬೋರ್ಡು ಓದಿದಷ್ಟೇ ಸಲೀಸು. ಹಲ್ಲನ್ನು ಬಿಸಿಲಿಗೆ ಹಿಡಿದಳು.

"ಮೇಲ್ಗಡೆ ಅರ್ಧಚಂದ್ರ ಐತೆ ನೋಡು. ಮೇಯೋ ಪ್ರಾಣಿ ದವಡೆ ಹಲ್ಲು ಇದು. ನಿನ್ ರಾಕ್ಷಸ ಹುಲ್ ತಿಂತಿದ್ನಾ?"

"ಸೋಮ್ವಾರ ಮಾತ್ರ."

ಕಂಬಳಿ ಹೊಲಿಯುವ ಸೂಜಿಯನ್ನು ಒಲೆಯಲ್ಲಿ ಕಾಯಿಸಿ ಹಲ್ಲಿಗೆ ಮುಟ್ಟಿಸಿದಳು. ಈಚಿನ ಹಲ್ಲಾಗಿದ್ದರೆ ಸುಟ್ಟ ಕೂದಲಿನ ವಾಸನೆ ಬರಬೇಕು. ಏನೂ ಬರಲಿಲ್ಲ.

"ಕಲ್ಲಾಗೋಗೈತೆ" ಎಂದಳು ಮೆಲ್ಲಗೆ.

ಕಾಲೇಜಿನಲ್ಲಿ ಅವಳಿಗೆ ಬಯಾಲಜಿ ಕಲಿಸಿದ್ದ ಸಾನಾ ಮೇಡಂಗೆ ಫೋಟೋ ಕಳಿಸಿದಳು. ಐದೇ ನಿಮಿಷದಲ್ಲಿ ಫೋನ್ ಬಂತು. ಸ್ಪೀಕರ್ ಹಾಕಿದಳು.

"ದನದ ಜಾತೀದೇ ಮಾನ್ಯ. ಕಾಡೆಮ್ಮೇದೂ ಇರ್ಬೋದು. ಫಾಸಿಲ್ ಅನ್ಸುತ್ತೆ, ತಿಳಿದೋರಿಗೆ ಕಳಿಸ್ತೀನಿ. ಆದ್ರೆ ಎಲ್ಲಿ ಸಿಕ್ತು, ಎಷ್ಟು ಆಳದಲ್ಲಿ, ಅದು ಸರಿಯಾಗಿ ಬೇಕು. ಜಾಗ ಸುಳ್ಳಾದ್ರೆ ಹಲ್ಲಿಂದ ಏನೂ ಹೇಳಕ್ಕಾಗಲ್ಲ."

"ಕಬ್ಬಾಳು ಬೆಟ್ಟದ..." ಎಂದು ಶುರುಮಾಡಿದ ಮುತ್ತುರಾಜು, ಮಾನ್ಯಳ ಕಣ್ಣು ನೋಡಿ ನಿಲ್ಲಿಸಿದ. ಆ ಕಣ್ಣಲ್ಲಿ ಭಾನುವಾರ ಇತ್ತು. ಅವನ ಕಿವಿ ಕೆಂಪಾಯಿತು.

"ಹೊಳೆ ಆಚೆ ದಡ. ಹೊಂಗೆ ಮರದ್ ಕೆಳ್ಗೆ. ಎರಡ್ ಮೊಳ ಆಳ, ಗರಸು ಮಣ್ಣು."

"ಅಲ್ಲಿ ನಿಂಗೇನ್ಲಾ ಕೆಲ್ಸ?" ಅಪ್ಪ ಕೇಳಿದ. "ನಿನ್ ಕುರಿ ಮೇಯೋದು ಈಚೆ ಕಡೆ."

ಮುತ್ತುರಾಜು ನೆಲ ನೋಡಿದ.

"ಉಣ್ಣೆ ಕತ್ತರ್ಸೋಕ್ ಮುಂಚೆ ನೀವ್ ಕುರಿ ತೊಳಿತಿದ್ರಲ್ಲ, ಮೂರ್ ಬುಧ್ವಾರ. ಮಾನ್ಯ ಮೊಣಕಾಲುದ್ದ ನೀರಲ್ಲಿ ನಿಂತು ಒಂದ್ ಟಗರ್ ಜೊತೆ ಜಗಳ ಆಡ್ತಿದ್ಲು. ನಾನ್ ಆಚೆ ಕೂತ್ಕಂಡ್ ನೋಡ್ತಿದ್ದೆ. ಕೂಗನ ಅಂದ್ರೆ ಗಂಟ್ಲೇ ಬರ್ಲಿಲ್ಲ. ಸುಮ್ನೆ ಕೋಲಲ್ಲಿ ದಡ ಕೆದ್ಕತಾ ಕೂತೆ. ಮೂರನೇ ವಾರಕ್ಕೆ ಇದು ಸಿಕ್ತು."



"ಬರ್ಕೊಂಡೆ" ಎಂದರು ಫೋನಿನಲ್ಲಿ ಸಾನಾ ಮೇಡಂ.

ಅಪ್ಪ ಪಂಚೆ ಎತ್ತಿ ಕಟ್ಟಿ ಅರ್ಕಾವತಿ ಹೊಳೆಗೆ ಇಳಿದ. ಇಬ್ಬರೂ ಹಿಂದೆ ಹೋದರು. ಹೊಂಗೆ ಮರದ ಕೆಳಗೆ ಗುಣಿ ಇತ್ತು. ಅಪ್ಪ ಮೊಳ ಹಾಕಿ ಅಳೆದ. ಎರಡು ಮೊಳ, ಮೇಲೊಂದು ಗೇಣು. ಅಲ್ಲಿ ಕೂತು ಈಚೆ ನೋಡಿದರೆ ಕುರಿ ತೊಳೆಯುವ ಬಂಡೆ ನೇರ ಕಾಣುತ್ತಿತ್ತು.

"ಒಂದ್ ಗೇಣು ಕಮ್ಮಿ ಹೇಳವ್ನೆ" ಎಂದು ಗೊಣಗಿ, ಫೋನ್ ತೆಗೆದು ಕುದೂರಿನವರಿಗೆ ಮಾಡಿದ. "ಭಾನ್ವಾರ ಬರಬ್ಯಾಡಿ ಸ್ವಾಮಿ. ನಮ್ ಹುಡ್ಗೀಗೆ ಗಂಡು ಗೊತ್ತಾಗೈತೆ." ಮಾತಾಡುತ್ತಲೇ ಹೊಳೆ ದಾಟಿ ಹೋದ.

ಮಾನ್ಯ ಗುಣಿಯ ಅಂಚಲ್ಲಿ ಕೂತಳು. ಅವನು ಪಕ್ಕದಲ್ಲಿ, ಒಂದು ಮೊಳ ದೂರ.

"ಗಂಟ್ಲು ಬಂದಿದ್ರೆ ಏನಂತ ಕೂಗ್ತಿದ್ದೆ?"

ಹೇಳಲು ಅವನ ಹತ್ತಿರ ಯಾವ ಕಥೆಯೂ ಇರಲಿಲ್ಲ. "ಮಾನ್ಯ, ಅಂತ."

"ಅಷ್ಟೇನಾ?"

"ಅಷ್ಟೇ."

"ಸರಿ, ಈಗ ಕೂಗು."

ಅವನು ಕೂಗಿದ. ಅವಳು ಮುಖ ತಿರುಗಿಸಿ, ನಡುವೆ ಇಡೀ ಹೊಳೆಯೇ ಇದೆ ಎನ್ನುವಷ್ಟು ಜೋರಾಗಿ "ಓ" ಎಂದಳು.