ಪರದೆಯ ಹಿಂದೆ ಎರಡು ತಾಟು

"ಹುಡುಗಿ ಏನರ ಕೇಳೂದಿದ್ರ ಕೇಳಲಿ..." ಎಂದರು ಗಂಡಿನ ಕಡೆಯ ಹಿರಿಯರು.

ಇದು ಬಾಯಿಮಾತಿಗೆ ಅನ್ನುವುದು. ಯಾವ ಹುಡುಗಿಯೂ ಕೇಳುವುದಿಲ್ಲ. ಅವಳು ತಲೆ ತಗ್ಗಿಸಿ ಕೂರುತ್ತಾಳೆ, ಅಪ್ಪನೇ "ಏನಿಲ್ಲ ಬಿಡ್ರಿ" ಎಂದು ಮುಗಿಸುತ್ತಾನೆ.

ಆದರೆ ಬೇವೂರಿನ ಶಿವಲೀಲಾ ತಲೆ ಎತ್ತಿದಳು!

ಎದುರಿಗೆ ಕುಳಿತಿದ್ದ ಕೊಟ್ರೇಶನ ಕಣ್ಣಿನಲ್ಲಿ ಕಣ್ಣಿಟ್ಟು ಕೇಳಿಯೇಬಿಟ್ಟಳು.

"ನಿಮ್ಮ ಗಂಗಾವತ್ಯಾಗ ಹೋಟೆಲ್ ಭಾಳ ಅದಾವಂತ. ನನ್ನ ಕರಕೊಂಡು ಹೋಗಿ, ಅಲ್ಲೇ ಕುಂದ್ರಿಸಿ, ಬಿಸೀದು ತಿನ್ನಿಸ್ತೀರೇನ್ರಿ? ಪಾರ್ಸೆಲ್ ಅಲ್ಲ ಮತ್ತ..."

ಕೊಟ್ರೇಶನ ತಾಯಿ ಕಳಕಮ್ಮನ ಚಹಾದ ಕಪ್ಪು ತುಟಿಯ ಹತ್ತಿರವೇ ನಿಂತಿತು. ಶಿವಲೀಲಾಳ ಅಪ್ಪ ಅಮರಪ್ಪನ ಮುಖ ಕೆಂಪಾಯಿತು. ಮಾನ ಹೋಯಿತಲ್ಲಪ್ಪಾ ಎಂದು ಆತ ಟವೆಲ್ಲಿನಿಂದ ಹಣೆ ಒರೆಸಿಕೊಂಡ.

ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ? ಆ ಮನೆಯಲ್ಲಿ ಗಂಡಸರು ಪೇಟೆಗೆ ಹೋದರೆ ಹೋಟೆಲಿನಲ್ಲಿ ಕುಳಿತು ತಿನ್ನುತ್ತಿದ್ದರು. ಹೆಂಗಸರಿಗೆ ಪೊಟ್ಟಣ ಬರುತ್ತಿತ್ತು. ಎರಡು ಬಸ್ಸು ಬದಲಿಸಿ ಬೇವೂರಿಗೆ ಬರುವಷ್ಟರಲ್ಲಿ ದೋಸೆ ಒದ್ದೆ ಅರಿವೆಯಂತಾಗಿರುತ್ತಿತ್ತು, ಮಿರ್ಚಿ ಮೆತ್ತಗಾಗಿರುತ್ತಿತ್ತು. ಹೋದ ವರ್ಷ ಜವಳಿ ತರಲು ಗಂಗಾವತಿಗೆ ಹೋದಾಗಲೂ ಅಷ್ಟೇ. ಗಂಡಸರು ಒಳಗೆ ಹೋದರು, ಹೆಂಗಸರು ಟೆಂಪೊದಲ್ಲಿ ಕುಳಿತು ಕಾಗದ ಬಿಚ್ಚಿದರು. ಹಂಚಿನ ಮೇಲೆ ಎಣ್ಣೆ ಚುರ್‍ ಎನ್ನುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. 'ಆ ಬಾಗಿಲ ಒಳಗೆ ನಾನು ಯಾವಾಗ ಹೋಗುವುದು?' ಎಂದು ಶಿವಲೀಲಾ ಅಂದೇ ಅಂದುಕೊಂಡಿದ್ದಳು.

ಕೊಟ್ರೇಶ ನಕ್ಕ. ಅಣಕಿಸುವ ನಗೆಯಲ್ಲ, ಹಿಗ್ಗಿದ ನಗೆ.

"ಗಂಗಾವತ್ಯಾಗ ನನಗ ಗೊತ್ತಿಲ್ಲದ ಹೋಟೆಲ್ಲೇ ಇಲ್ರಿ! ಯಾವ ಓಣ್ಯಾಗ ಏನು ಛಲೋ ಸಿಗತೈತಿ, ನನ್ನ ಕೇಳ್ರಿ. ಮದುವಿ ಆಗಲಿ, ಒಂದೊಂದ ತೋರಸ್ತೀನಿ."

ಕಳಕಮ್ಮ ಮಗನ ಕಡೆ ತಿರುಗಿ ಬಾಯಿ ತೆರೆದಳು. ಏನೋ ಹೇಳಬೇಕೆಂದವಳು ಹಾಗೇ ಮುಚ್ಚಿಕೊಂಡಳು.

ಶಿವಲೀಲಾಳಿಗೆ ಅದು ಕಾಣಲಿಲ್ಲ. 'ಬೈಯಲಿಲ್ಲ... ಈ ಮನುಷ್ಯ ನಕ್ಕ!' ಅವಳ ಎದೆಯಲ್ಲಿ ಅದೊಂದೇ ಮಾತು ಕುಣಿಯುತ್ತಿತ್ತು.

ನಿಶ್ಚಯವಾಯಿತು. ಬೆರಳಿಗೆ ಉಂಗುರ ಬಂತು. ದೀಪಾವಳಿ ಆದ ಮೇಲೆ ಮದುವೆ ಎಂದಾಯಿತು.

ಕೊಟ್ರೇಶನದು ಗಂಗಾವತಿಯಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರು ರಿಪೇರಿ ಮಾಡುವ ಅಂಗಡಿ. ಶಿವಲೀಲಾ ಬೇವೂರಿನಲ್ಲಿ ಬ್ಲೌಸ್ ಹೊಲಿಯುವವಳು. ಸಂಜೆ ಅವನು ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಫೋನು ಬರುತ್ತಿತ್ತು. ಅವಳ ಹೊಲಿಗೆ ಯಂತ್ರ ನಿಲ್ಲುತ್ತಿತ್ತು.

"ಮಧ್ಯಾಹ್ನ ಎಲ್ಲಿ ಉಂಡ್ರಿ?"

"ಎಲ್ಲಿ ಅಂದ್ರ... ಅವ್ವ ಕಟ್ಟಿದ ಬುತ್ತಿ. ರೊಟ್ಟಿ, ಪುಂಡಿಪಲ್ಯ."

"ಊರಾಗಿನ ಹೋಟೆಲ್ ಎಲ್ಲಾ ಗೊತ್ತಿದ್ದೋರು ಬುತ್ತಿ ಉಣ್ತೀರೇನ್ರಿ?"

"ನೀ ಬರೂತನಕ ಬುತ್ತೀನ..."

ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಂಡು ಶಿವಲೀಲಾ ನಾಚುತ್ತಿದ್ದಳು.

ಆ ನಾಚಿಕೆಗೆ ಬೆಂಕಿ ಬಿದ್ದದ್ದು ಅವಳ ಅಕ್ಕನ ಗಂಡ ನಾಗೇಶನಿಂದ. ನಾಗೇಶ ಟೆಂಪೊದಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಗಂಗಾವತಿ ಮಾರ್ಕೆಟ್ಟಿಗೆ ಹೋಗಿಬರುವವನು. ಅಂದು ಬಂದವನೇ ನೀರು ಕೂಡ ಕುಡಿಯಲಿಲ್ಲ.

"ಮಾವಾರ, ಹೇಳಬಾರದು, ಆದ್ರ ಹೇಳದ ಇದ್ರ ನಮ್ಮ ಹುಡುಗಿ ಬಾಳೇವು ಹಾಳಾಕ್ಕೈತಿ. ಆ ಕೊಟ್ರೇಶ ಇವತ್ತು ಮಧ್ಯಾಹ್ನ ಫ್ಯಾಮಿಲಿ ರೂಮ್ ಹೊಕ್ಕಿದ್ದು ಕಣ್ಣಾರೆ ನೋಡಿನ್ರಿ. ಪರದಿ ಎಳಕೊಂಡ. ಸಪ್ಲೈಯರ್ ಒಳಗ ಎರಡು ತಾಟು ಒಯ್ದ!"

"ಯಾರ ಜೋಡಿ?" ಅಮರಪ್ಪ ಎದ್ದು ನಿಂತ.

"ಪರದಿ ಇತ್ತಲ್ರಿ, ಮುಖ ಕಾಣಲಿಲ್ಲ. ಹಿಂದಿನ ಬಾಗಲಾಗಿಂದ ಬಂದಿರಬೇಕು ಆಕಿ. ಎರಡು ತಾಟು ಒಬ್ಬಾಂವ ತಿಂತಾನೇನ್ರಿ? ಒಂದ ಹೋಟೆಲ್ಲಾಗಲ್ಲ, ಹೋದ ವಾರ ಇನ್ನೊಂದು ಕಡಿಗೂ ಹಿಂಗ ನೋಡಿದೆ!"

ನಮ್ಮ ಕಡೆಯ ಹೋಟೆಲುಗಳಲ್ಲಿ ಹಿಂದಿನ ಮೂಲೆಗೆ ಹಲಗೆ ಬಡಿದು, ಪರದೆ ಇಳಿಬಿಟ್ಟು ಫ್ಯಾಮಿಲಿ ರೂಮ್ ಎಂದು ಬರೆದಿರುತ್ತಾರೆ. ಹೆಂಗಸರನ್ನು ಕರೆದುಕೊಂಡು ಬಂದವರಿಗೆ ಅದು. ಒಂಟಿ ಗಂಡಸನ್ನು ಒಳಗೆ ಬಿಡುವುದಿಲ್ಲ. ಹೆಂಗಸು ಇಡ್ಲಿ ತಿನ್ನುವುದರಲ್ಲಿ ಮುಚ್ಚಿಡುವಂಥದ್ದು ಏನಿದೆಯೋ ನನಗಂತೂ ತಿಳಿಯದು! ಆದರೆ ಮದುವೆ ಗೊತ್ತಾದ ಹುಡುಗ ಆ ಪರದೆಯ ಹಿಂದೆ ಹೋದನೆಂದರೆ ಊರು ಏನು ಅಂದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ.

"ರವಿವಾರ ಹೋಗಿ ಉಂಗುರ, ಸೀರಿ ಹೊಳ್ಳಿ ಕೊಟ್ಟು ಬರೂಣು," ಎಂದ ಅಮರಪ್ಪ.

ಸಂಜೆ ಫೋನು ಬಂತು. ಶಿವಲೀಲಾ ಉಸಿರು ಬಿಗಿಹಿಡಿದು ಕೇಳಿದಳು.

"ಇವತ್ತು... ಎಲ್ಲಿ ಉಂಡ್ರಿ?"

"ಬುತ್ತಿನ. ಯಾಕ?"

ಸುಳ್ಳು! ಎಷ್ಟು ಸಲೀಸಾದ ಸುಳ್ಳು!

ಅವಳು ಫೋನು ಕತ್ತರಿಸಿದಳು. ಅಂದು ರಾತ್ರಿ ಅವಳು ಉಣ್ಣಲು ಏಳಲೇ ಇಲ್ಲ.

ಮರುದಿನ ಬೆಳಿಗ್ಗೆ ನಾಗೇಶನ ಟೆಂಪೊ ಹೊರಡುವಾಗ ಅವಳು ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟಿದ್ದಳು.

"ಇಳಿ ಕೆಳಗ!" ಅಮರಪ್ಪ ಗದರಿದ.

"ಉಂಗುರ ನನ್ನ ಬೆರಳಾಗ ಐತಿ ಅಪ್ಪಾ. ತಗಿಯೂದಾದ್ರ ನಾನ ತಗೀತೀನಿ, ಅವರ ಎದುರಿಗೆ ನಿಂತು. ನಾಗೇಶ ಮಾವಾ, ಗಾಡಿ ಚಾಲೂ ಮಾಡು."

ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಕೊಟ್ರೇಶ ಬೈಕ್ ಹತ್ತಿದ. ಓಣಿಯ ತುದಿಯಲ್ಲಿ ಕಾಯುತ್ತಿದ್ದ ಟೆಂಪೊ ಹಿಂದೆಯೇ ಹೋಯಿತು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಓಬಳೆಪ್ಪನ ಹೋಟೆಲಿನ ಮುಂದೆ ಬೈಕು ನಿಂತಿತು. ಅವನು ಒಬ್ಬನೇ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಸಪ್ಲೈಯರ್ ಎರಡು ತಾಟು ಹಿಡಿದು ಹಿಂದಿನ ಮೂಲೆಗೆ ನಡೆದ.

"ನೋಡಿದ್ಯಾ? ನಾ ಹೇಳಿದ್ದು ಸುಳ್ಳಾತೇನು?" ಎಂದ ನಾಗೇಶ.

ಶಿವಲೀಲಾ ಟೆಂಪೊದಿಂದ ಇಳಿದಳು. ಅವಳು ಮೊದಲ ಸಲ ಒಂದು ಹೋಟೆಲಿನ ಹೊಸ್ತಿಲು ದಾಟುತ್ತಿದ್ದಳು. ಸಿಟ್ಟಿನಲ್ಲಿ ಅದು ಅವಳ ಲಕ್ಷ್ಯಕ್ಕೇ ಬರಲಿಲ್ಲ! ತಿನ್ನುತ್ತಿದ್ದ ಗಂಡಸರ ತಲೆಗಳು ಒಂದೊಂದಾಗಿ ತಿರುಗಿದವು. ಅವಳು ಯಾರನ್ನೂ ನೋಡಲಿಲ್ಲ. ನೆಟ್ಟಗೆ ಹೋಗಿ ಪರದೆಯನ್ನು ಸರ್ರನೆ ಎಳೆದಳು.

ಮೇಜಿನ ಮೇಲೆ ಎರಡು ತಾಟು. ಬೆಂಚು ಖಾಲಿ.

ಕೊಟ್ರೇಶ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಕತ್ತು ಓರೆ ಮಾಡಿ, ಪರದೆಯ ಕೆಳಗಿನ ಸಂದಿಯಿಂದ ಹೊರಗೆ ಇಣುಕುತ್ತಿದ್ದ!

"ಶಿವಲೀಲಾ...?!"

"ಎಲ್ಲಿ ಅದಾಳ ಆಕಿ?"

"ಯಾ... ಯಾರು?"

"ಮೇಜಿನ ಕೆಳಗ ಬಚ್ಚಿಟ್ಟೀರೇನು? ಹೊರಗ ಕರೀರಿ!"

ಅಷ್ಟರಲ್ಲಿ ನೀರಿನ ಗ್ಲಾಸು ಹಿಡಿದು ಸಪ್ಲೈಯರ್ ಮಲ್ಲೇಶ ಬಂದ. ಅವಳನ್ನು ನೋಡಿದವನ ಮುಖ ಅರಳಿತು.

"ಅಂತೂ ಅಕ್ಕಾರು ಬಂದ್ರಲ್ಲಪ್ಪಾ! ಬಂದಾಗೊಮ್ಮೆ 'ನಮ್ಮ ಮನ್ಯಾಕಿ ಹಿಂದ ಬರಾಕತ್ಯಾಳ' ಅಂತ ಹೇಳಿ ಇಲ್ಲಿ ಕುಂದ್ರತಾರ್ರಿ ಇವರು. ಎರಡು ತಾಟು ಹಾಕಸ್ತಾರ. ಯಾರೂ ಬರಂಗಿಲ್ಲ. ಕಡೀಕ ಎರಡೂ ತಾವ ತಿಂದು ಹೋಗ್ತಾರ. ಪಾಪ, ಹೆಂಡ್ತಿ ಸಿಟ್ಟಾಗಿ ತೌರಮನಿಗೆ ಹೋಗ್ಯಾಳ ಅಂತ ನಾವೆಲ್ಲ ಮಾತಾಡಿಕೊಂಡಿದ್ವಿ. ಬಿಡ್ರಿ ಅಕ್ಕಾ, ಒಳ್ಳೇ ಮನುಷ್ಯಾ ಅದಾರ, ಸಿಟ್ಟು ಬಿಡ್ರಿ."

'ನಮ್ಮ ಮನ್ಯಾಕಿ...'

ಶಿವಲೀಲಾಳ ಕೈಯಿಂದ ಪರದೆ ಜಾರಿತು.

ಮಲ್ಲೇಶ ಹೋದ ಮೇಲೆ ಕೊಟ್ರೇಶ ಎದ್ದು ನಿಂತ. ಕಿವಿಯ ತನಕ ಕೆಂಪಾಗಿದ್ದ.

"ನಿನ್ನ ಮುಂದ ಸುಳ್ಳು ಹೇಳಿದ್ದೆ..."

"ಏನು ಸುಳ್ಳು?"

"ನನಗ ಒಂದು ಹೋಟೆಲ್ಲೂ ಗೊತ್ತಿಲ್ಲ! ಅವ್ವನ ಬುತ್ತಿ ಬಿಟ್ಟು ಹೊರಗ ಉಂಡಾಂವಲ್ಲ ನಾನು. ಆವತ್ತು ನೀ ಕಣ್ಣಾಗ ಕಣ್ಣಿಟ್ಟು ಕೇಳಿದಿ. 'ಗೊತ್ತಿಲ್ಲ' ಅನ್ನಾಕ ನಾಚಿಕಿ ಆತು. ಜಂಬ ಕೊಚ್ಚಿಬಿಟ್ಟೆ."

"ಅದಕ್ಕ?"

"ಅದಕ್ಕ ಒಂದೊಂದ ಹೋಟೆಲ್ ಹುಡುಕಿಕೊಂತ ಹೊಂಟೀನಿ. ಒಬ್ಬನ್ನ ಈ ರೂಮಿನೊಳಗ ಬಿಡಂಗಿಲ್ಲ, ಹೆಂಡ್ತಿ ಬರ್ತಾಳ ಅಂತ ಹೇಳಿ ಕುಂದ್ರತೀನಿ. ಒಂದು ಕಡಿ ಫ್ಯಾನ್ ಇಲ್ಲ. ಇನ್ನೊಂದು ಕಡಿ ಕೈ ತೊಳಿಯೂ ಜಾಗಾ ಹೊಲಸು. ಇಲ್ಲಿ ಎಲ್ಲಾ ಛಲೋ ಐತಿ, ಆದ್ರ ಪರದಿ ಗಿಡ್ಡ. ಹೊರಗ ಕುಂತವರಿಗೆ ನಿನ್ನ ಕಾಲು ಕಾಣತಾವೇನೋ ಅಂತ ನೋಡಾಕತ್ತಿದ್ದೆ..."

ಶಿವಲೀಲಾಳಿಗೆ ನಗು ಬಂತು. ಅಳುವೂ ಬಂತು. ಎರಡನ್ನೂ ನುಂಗಿ ಅವಳು ಸಿಟ್ಟನ್ನೇ ಹೊರಗೆ ಹಾಕಿದಳು!

"ಕಾಲು ಕಂಡ್ರ ಏನಾತ್ರಿ? ನಡಕೊಂಡು ಬಂದೀನಿ, ಕಾಲಿಲ್ಲದ ಬಂದೀನೇನು? ಮತ್ತ ಫೋನಿನ್ಯಾಗ ಬುತ್ತಿ ಬುತ್ತಿ ಅಂತ ಯಾಕ ಅಂದ್ರಿ? ನಿನ್ನೆ ಸಂಜಿಂದ ನಾನು ಒಂದು ತುತ್ತು ಉಂಡಿಲ್ಲ, ಗೊತ್ತೈತೇನು ನಿಮಗ?"

ಕೊಟ್ರೇಶನ ಮುಖ ಬಿಳಚಿತು. "ಉಂಡಿಲ್ಲಾ...?"

"ಛಲೋ ಹೋಟೆಲ್ ಹುಡುಕಿ ಇಡ್ರಿ ಅಂತ ಕೇಳಿದ್ನೇನು ನಾನು? ಕರಕೊಂಡು ಹೋಗ್ರಿ ಅಂದಿದ್ದೆ. ನೀವು ಒಬ್ಬರ ಬಂದು, ತಿಂದು, ನೋಡಿ, ಆರಿಸಿ, ಕಡೀಕ ಒಂದು ನನ್ನ ಕೈಯಾಗ ಇಟ್ರ... ಅದೂ ಪಾರ್ಸೆಲ್ಲ ಅಲ್ಲೇನ್ರಿ?"

ಆ ಮಾತು ಎಲ್ಲಿ ತಾಕಬೇಕೋ ಅಲ್ಲಿ ತಾಕಿತ್ತು.

"ನೀ ಅಂದದ್ದು ಖರೆ," ಎಂದ ಮೆಲ್ಲಗೆ. "ತಪ್ಪಾತು."

ಎರಡೂ ತಾಟು ಎತ್ತಿಕೊಂಡ. ಪರದೆ ದಾಟಿ ಹೊರಗೆ ಬಂದು, ಎಲ್ಲರಿಗೂ ಕಾಣುವಂತೆ, ದೋಸೆ ಹಂಚಿನ ಪಕ್ಕದ ಮೇಜಿನ ಮೇಲೆ ಇಟ್ಟ.

ಹಂಚಿನ ಮುಂದೆ ನಿಂತಿದ್ದ ಓಬಳೆಪ್ಪ ಗಡಿಬಿಡಿಯಾದ. "ತಮ್ಮಾ, ಫ್ಯಾಮಿಲಿಗೆ ಹಿಂದ ಐತಲ್ಲ..."

"ನಮ್ಮ ಫ್ಯಾಮಿಲಿ ಇಲ್ಲೇ ಕುಂದ್ರತೈತ್ರಿ. ಬಿಸೀವು ಎರಡು ದ್ವಾಸಿ ಹಾಕ್ರಿ."

ಶಿವಲೀಲಾ ಕುಳಿತಳು. ಎದುರಿನ ಬೆಂಚಿನ ಮುದುಕನೊಬ್ಬ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಅವಳೂ ಅವನನ್ನೇ ನೋಡಿದಳು. ಮುದುಕ ಕೆಮ್ಮಿ ಚಹಾದ ಕಡೆ ತಿರುಗಿದ.

ದೋಸೆ ಬಂತು. ಬೆರಳು ಸುಟ್ಟಿತು! "ಹಾ" ಎಂದು ಊದಿಕೊಂಡಳು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಕೊಟ್ರೇಶ ಉಸಿರಾಡದೆ ಕಾಯುತ್ತಿದ್ದ.

"ಹೆಂಗೈತಿ?"

"ದ್ವಾಸಿ ಛಲೋ ಐತಿ. ಚಟ್ನಿ ಉಪ್ಪು... ಬಾಯಾಗ ಇಡಾಕಾಗವಲ್ದು!"

"ದಿನಾ ಹಿಂಗ ಇರತೈತಿ."

"ಮತ್ತ ಇಲ್ಲಿಗೇ ಯಾಕ ಬರ್ತಿದ್ರಿ?"

"ಫ್ಯಾನ್ ಜೋರ್ ತಿರಗತೈತಿ ಅಂತ..."

ಇಬ್ಬರೂ ನಕ್ಕರು. ಅವಳು ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ನಿಂತಿದ್ದ ನಾಗೇಶನಿಗೆ ಒಳಗೆ ಏನು ನಡೆದಿದೆಯೆಂದೇ ತಿಳಿಯಲಿಲ್ಲ.

"ಮಾವಾ, ಇಲ್ಲಿ ಬಾ," ಎಂದು ಶಿವಲೀಲಾ ಕೂಗಿದಳು. "ಎರಡನೇ ತಾಟಿನಾಕಿನ್ನ ನೋಡು. ನಾನ ಆಕಿ!"

ಅಲ್ಲಿಂದ ಹೊರಬಿದ್ದು ಮೂವರೂ ಓಣಿ ಓಣಿ ಅಲೆದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ತಿರುವಿನಲ್ಲಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಹೆಂಗಸೊಬ್ಬಳು ಹಿಟ್ಟನ್ನು ಸಣ್ಣ ಸಣ್ಣ ಉಂಡೆಯಾಗಿ ಎಣ್ಣೆಗೆ ಬಿಡುತ್ತಿದ್ದಳು. ಏನೆಂದು ಕೇಳಿದರೆ "ಪುನುಗುಲು" ಎಂದಳು. ಕೊಟ್ರೇಶನಿಗೂ ಹೊಸದು, ಶಿವಲೀಲಾಳಿಗೂ ಹೊಸದು. ಹೊರಗೆ ಗರಿಗರಿ, ಒಳಗೆ ಹತ್ತಿಯಂಥ ಮೆತ್ತಗೆ! ನಾಗೇಶ ಎರಡು ಪ್ಲೇಟು ತಿಂದು ಮೂರನೆಯದಕ್ಕೆ ಕೈ ಚಾಚಿದ. ಅಕ್ಕಿ ಗಿರಣಿಯ ಗೋಡೆಗೆ ತಾಗಿದ್ದ ಮಕ್ಬುಲಸಾಬನ ಅಂಗಡಿಯಲ್ಲಿ ಶುಂಠಿ ಚಹಾ ಸಿಕ್ಕಿತು. ಬೆಂಚು ಖಾಲಿಯಿಲ್ಲದೆ ನಿಂತಿದ್ದರೆ, ಮಕ್ಬುಲಸಾಬ ಒಳಗಿನಿಂದ ತನ್ನ ಸ್ಟೂಲನ್ನೇ ತಂದು, "ಕುಂದ್ರು ಬೇಟಿ, ಆರಾಮ ಕುಡಿ," ಎಂದು ಅವಳ ಮುಂದೆ ಇಟ್ಟ.

ಕೊಟ್ರೇಶ ಬೆರಗಾಗಿ ಸುತ್ತ ನೋಡಿದ. "ಈ ಓಣ್ಯಾಗ ದಿನಾ ಅಡ್ಡಾಡ್ತೀನಿ. ಒಂದಿನಾನೂ ನಿಂತಿಲ್ಲ ನೋಡು!"

ಅಮರಪ್ಪನ ಫೋನು ಬಂತು. ನಾಗೇಶ ಎತ್ತಿದ.

"ಮಾವಾರ... ಹೌದ್ರಿ, ಹೆಣ್ಣು ಸಿಕ್ತರಿ... ಯಾರು ಅಂದ್ರ... ನಮ್ಮ ಶಿವಲೀಲಾನರಿ! ಇಲ್ಲ, ನಾ ಕುಡಿದಿಲ್ರಿ. ಚಹಾ ಕುಡದೀನಿ."

ಶಿವಲೀಲಾ ಫೋನು ಕಸಿದುಕೊಂಡಳು. "ಅಪ್ಪಾ, ರವಿವಾರ ಯಾರೂ ಎಲ್ಲಿಗೂ ಹೋಗೂದು ಬ್ಯಾಡ. ಇವರದೇನೂ ತಪ್ಪಿಲ್ಲ. ಮದುವಿ ತಯಾರಿ ಮಾಡ್ರಿ."

ಬಿಸಿಲು ಇಳಿಯುತ್ತಿತ್ತು. ಟೆಂಪೊ ಹೊರಡಲು ಸಜ್ಜಾಯಿತು. ಕೊಟ್ರೇಶ ಕಿಟಕಿಯ ಹತ್ತಿರ ಬಂದು ನಿಂತ. ಏನೋ ಹೇಳಬೇಕೆಂದು ಒದ್ದಾಡುತ್ತಿದ್ದ.

"ಶಿವಲೀಲಾ... ಒಂದು ಖರೆ ಹೇಳಲೇನು? ನನಗ ಹೋಟೆಲ್ ಅಷ್ಟ ಅಲ್ಲ, ಇನ್ನೂ ಭಾಳ ಸಂಗತಿ ಗೊತ್ತಿಲ್ಲ. ಹೆಂಡ್ತಿ ಜೋಡಿ ಹೆಂಗ ಇರಬೇಕು ಅನ್ನೂದೂ ಗೊತ್ತಿಲ್ಲ."

"ನನಗರ ಎಲ್ಲಿ ಗೊತ್ತೈತ್ರಿ?"

"ಮತ್ತ ಹೆಂಗ?"

"ಕೂಡಿ ಕಲಿಯೂಣು." ಅವಳು ಕಿಟಕಿಯ ಮೇಲಿದ್ದ ಅವನ ಕೈಯನ್ನು ಮೆಲ್ಲಗೆ ಮುಟ್ಟಿದಳು. "ಗೊತ್ತಿಲ್ಲ ಅಂತ ನನ್ನ ಎದುರಿಗೆ ಬಾಯಿಬಿಟ್ಟು ಅಂದ್ರಲ್ಲ... ಅದಕ್ಕ ನೀವು ನನಗ ಭಾಳ ಸೇರ್ತೀರಿ."

ಕೊಟ್ರೇಶ ಕಲ್ಲಾಗಿ ನಿಂತ. ನಾಗೇಶ ಬೇಕೆಂದೇ ಹಾರ್ನ್ ಬಾರಿಸಿದ. ಗಾಡಿ ಉರುಳತೊಡಗಿತು. ಕೊಟ್ರೇಶ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದ.

"ಏನಂದಿ? ಇನ್ನೊಮ್ಮೆ ಅನ್ನು!"

ಶಿವಲೀಲಾ ಕಿಟಕಿಯಿಂದ ಮುಖ ಹೊರಗೆ ಚಾಚಿದಳು.

"ಮದುವಿ ಆಗಲ್ರೀ... ದಿನಾ ಅಂತೀನಿ!"