ರೊಟ್ಟಿ ಬುಟ್ಟಿಯಲ್ಲಿ ಡೋರಿನ್

“ನನ್ನ ರೆಕಾರ್ಡ್ ಕೊಟ್ಟಬಿಡ್ರಿ, ಚಂದವ್ವ.”

ಹಿತ್ತಲ ಬಾಗಿಲಲ್ಲಿ ಮೈಕ್ ಸೆಟ್ಟಿನ ಸಿದ್ದರಾಯ ನಿಂತಿದ್ದ. ಚಂದವ್ವ ಬಾಗಿಲನ್ನು ಅರ್ಧ ಎಳೆದುಕೊಂಡಳು. ಪಡಸಾಲೆಯಲ್ಲಿ ಮುದ್ದೇಬಿಹಾಳದಿಂದ ಅವಳನ್ನು ನೋಡಲು ಬಂದವರು ಕೂತಿದ್ದಾರೆ. ಅಪ್ಪ ಗುರಲಿಂಗಪ್ಪ ಕಂಡರೆ ಇಬ್ಬರ ಚರ್ಮವನ್ನೂ ಸುಲಿಯುತ್ತಾನೆ...

“ಮೆಲ್ಲಕ ಮಾತಾಡ್ರಿ! ನೀವ್ಯಾಕ ಬಂದ್ರಿ?”

“ನಿಮ್ಮ ಅಪ್ಪಾರ ಕರಿಸ್ಯಾರ. ಇವತ್ತ ನಿಶ್ಚಯ, ಮೈಕ್ ಕಟ್ಟು ಅಂದ್ರು. ನೀವೂ ಒಪ್ಪೀರಂತಲ್ಲ...”

“ನನ್ನ ಯಾರ ಕೇಳ್ಯಾರ...”

“ಚಂದೂ!” ಒಳಗಿನಿಂದ ಅವ್ವ ರುಕ್ಮವ್ವ ಕೂಗಿದಳು. ಸಿದ್ದರಾಯ ಉಳಿದ ಮಾತು ಕೇಳದೆ ಅಂಗಳದ ಕಡೆ ಹೊರಟೇಬಿಟ್ಟ.

ಹೋದ ವರ್ಷ, ೧೯೭೫ರಲ್ಲಿ, ಇದೇ ದೇವಣಗಾಂವದ ಒಂದು ಮದುವೆಯಲ್ಲಿ ಅವನು ಆ ರೆಕಾರ್ಡು ಹಚ್ಚಿದ್ದ. ಮುಂಬೈಯ ಡೋರಿನ್ ಎಂಬ ಪಾಪ್ ಗಾಯಕಿಯದು.

“ಹತ್ತು ವರ್ಸದ ಹಿಂದ ಮಂದಿಗೆ ಈಕಿದ ಹುಚ್ಚ ಹಿಡದಿತ್ರಿ. ಈಗ ಯಾರೂ ಕೇಳಂಗಿಲ್ಲ. ಮೂರನೇ ಹಾಡಿನ್ಯಾಗ ನಟ್ಟನಡುವ ನಗತಾಳ ನೋಡ್ರಿ... ಆ ನಗು ಹಂಗ ಬಿಟ್ಟಾರ!”

ಚಂದವ್ವ ಬೆರಗಾಗಿ ಕೇಳಿದ್ದಳು. ಅಷ್ಟು ಮಂದಿ ಎದುರು ನಗಲು ಈಕೆಗೆ ಭಯವೇ ಆಗಲಿಲ್ಲವೇ? ಚಂದವ್ವನೋ, ಹಗ್ಗ ಕಂಡರೂ ಹಾವೆನ್ನುವವಳು.

“ನಮ್ಮನ್ಯಾಗ ರೆಕಾರ್ಡ್ ಹಚ್ಚೋ ಮಿಷನ್ ಇಲ್ರಿ” ಅಂದರೂ ಅವನು ರೆಕಾರ್ಡು ಕೊಟ್ಟಿದ್ದ.

“ಇದು ನಿಮ್ಮ ಕಡೆ ಇರಲಿ, ಮಿಷನ್ ನನ್ನ ಕಡೆ ಇರಲಿ. ಒಂದಿನ ಎರಡೂ ಒಂದ ಮನ್ಯಾಗ ಇರ್ತಾವ.”

ಅದನ್ನವಳು ಬಟ್ಟೆಯಲ್ಲಿ ಸುತ್ತಿ ಖಡಕ್ ರೊಟ್ಟಿಯ ಬುಟ್ಟಿಯ ತಳದಲ್ಲಿ ಬಚ್ಚಿಟ್ಟಿದ್ದಳು. ರೊಟ್ಟಿ ಬಡಿದು ಒಟ್ಟುವವಳೂ ಅವಳೇ, ತೆಗೆಯುವವಳೂ ಅವಳೇ.

ಆದರೆ ಇವತ್ತು ಬುಟ್ಟಿ ಜಾಗದಲ್ಲಿರಲಿಲ್ಲ! ಅವ್ವ ಅದನ್ನು ಪಡಸಾಲೆಗೆ ಹೊತ್ತೊಯ್ದುಬಿಟ್ಟಿದ್ದಳು.

ಚಂದವ್ವ ಬುಟ್ಟಿಯನ್ನು ಬೇರೆಯವರ ಕೈಗೆ ಕೊಡದೆ ತಾನೇ ಬಡಿಸಿದಳು. ಬದನೆಕಾಯಿಯ ಎಣಗಾಯಿ ರುಚಿಯಾಗಿತ್ತು, ಅದೇ ಅವಳ ಗ್ರಹಚಾರ! ರೊಟ್ಟಿಯ ರಾಶಿ ಇಳಿಯುತ್ತಲೇ ಹೋಯಿತು.

“ಇನ್ನೊಂದ ಹಾಕವ್ವ” ಎಂದಳು ವರನ ತಾಯಿ ಚನ್ನವ್ವ.

ಚಂದವ್ವನ ಬೆರಳಿಗೆ ಬಟ್ಟೆ ತಾಗಿತು. ಅಯ್ಯೋ ದೇವರೇ... ಇನ್ನು ಎರಡೇ ರೊಟ್ಟಿ!

“ಸಾಕವ್ವ, ಹೊಟ್ಟಿ ತುಂಬ್ತು. ಹುಡುಗಿ ನಮಗ ಪಸಂದ ಅದಾಳ” ಎಂದಳು ಚನ್ನವ್ವ, ಅದನ್ನೂ ತಿಂದು ಮುಗಿಸಿ.

ಗುಟ್ಟು ಉಳಿಯಿತು. ಉಸಿರು ಬಿಡಬೇಕೆನ್ನುವಷ್ಟರಲ್ಲಿ ಅವಳ ಕಣ್ಣು ಅಂಗಳಕ್ಕೆ ಹೋಯಿತು. ಮೈಕ್ ಕಟ್ಟಲು ಬಂದಿದ್ದ ಸಿದ್ದರಾಯ ವೈರು ಸುತ್ತಿ, ಹಾಡು ಕೇಳಿಸುವ ಕರ್ಣೆಯನ್ನು ಸೈಕಲ್ಲಿಗೆ ಕಟ್ಟಿ ಹೊರಡುತ್ತಿದ್ದ.

ಗುಟ್ಟು ಉಳಿದರೆ ಅವನು ಹೋಗುತ್ತಾನೆ...!

“ನನಗ ಈ ಸಂಬಂಧ ಬ್ಯಾಡ್ರಿ” ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಬಟ್ಟೆ ಬಿಚ್ಚಿ ರೆಕಾರ್ಡು ಹೊರತೆಗೆದಳು. “ಇದನ್ನ ಕೊಟ್ಟಾವ್ರು ಅಂಗಳದಾಗ ಅದಾರ. ಮದವಿ ಆದ್ರ ಅವ್ರನ್ನ ಆಗತೇನಿ.”

ಗುರಲಿಂಗಪ್ಪ ಕೈಯೆತ್ತಿ ಎದ್ದ. ಅವಳು ಕಣ್ಣು ಮುಚ್ಚಿದಳು.

“ಕೈ ಇಳಸ್ರಿ, ಅಣ್ಣಾರ” ಎಂದಳು ಚನ್ನವ್ವ. “ಮದವಿ ಆದಮ್ಯಾಲ ಗೊತ್ತಾಗಿದ್ರ ನನ್ನ ಮಗನ ಬಾಳೇ ಏನಾಗತಿತ್ತು? ಹುಡುಗಿ ಉಪಕಾರ ಮಾಡ್ಯಾಳ.”

ಅವರು ಎದ್ದು ಹೋದರು. ಗುರಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. “ನೀ ಇಕಿನ್ನ ಕೇಳಲಿಲ್ಲೇನ?”

“ನೀವ ಕೇಳಗೊಟ್ರೇನ್ರಿ?”

ಅವನು ರೆಕಾರ್ಡನ್ನು ಎತ್ತಿ ತಿರುವಿ ನೋಡಿ, ಮಗಳ ಕೈಗೇ ಕೊಟ್ಟ. ಆಮೇಲೆ ಅಂಗಳದ ಕಡೆ ಗದರಿದ, “ಏ ಸಿದ್ದರಾಯ! ನಾಳೆ ನಿಮ್ಮ ಹಿರ್ಯಾರನ್ನ ಕರ್ಕೊಂಡ ಬಾ.”

ಸಿದ್ದರಾಯ ಬಾಗಿಲಿಗೆ ಬಂದ. ಅವನ ಕಣ್ಣು ತುಂಬಿತ್ತು.

“ಅಂಜಿಕಿ ಬರಲಿಲ್ಲೇನ್ರಿ?”

“ಬಂತ್ರಿ. ಇನ್ನೂ ಹೋಗಿಲ್ಲ... ಕೈ ನೋಡ್ರಿ.”

“ಮತ್ತ ಹೆಂಗ ಹೇಳಿದ್ರಿ?”

“ನೀವು ಹೊಂಟಿದ್ರಿ.”