ಎತ್ತು ನೋಡಲು ಬಂದವನು

ಎತ್ತು ಕೊಳ್ಳಲು ಬಂದವನು ಎತ್ತಿನ ಹಲ್ಲು ನೋಡಬೇಕು. ಅಣ್ಣಾರಾಯ ನನ್ನ ಹಲ್ಲು ಕಾಣುವ ಹಾಗೆ ನಗಿಸುತ್ತ ಕೂತ. ಅಷ್ಟರಲ್ಲೇ ನನಗೆ ಸಂಶಯ ಬರಬೇಕಿತ್ತು. ಹದಿನೇಳರ ವಯಸ್ಸಿಗೆ ಸಂಶಯ ಎಲ್ಲಿಂದ ಬರಬೇಕು?

ಅದು ೧೯೩೪ರ ಸೀತನಿ ಕಾಲ, ಎಳೆ ಜೋಳ ಸುಟ್ಟು ತಿನ್ನುವ ದಿನಗಳು. ಚಪಳಗಾಂವದ ನಮ್ಮ ಹೊಲದಲ್ಲಿ ಅಜ್ಜಿ ಗುರಮ್ಮ ಹಸಿ ಜೋಳದ ತೆನೆ ಸುಡುತ್ತಿದ್ದಳು. ನಾನು ತಿಕ್ಕಿ ಕಾಳು ಬಿಡಿಸುತ್ತಿದ್ದೆ. ಎತ್ತು ನೋಡಲು ದುಧನಿಯಿಂದ ಬಂದ ಅಣ್ಣಾರಾಯನನ್ನು ಅಪ್ಪ ಕಂಬಳಿಯ ಮೇಲೆ ಕೂರಿಸಿ, ಮಾರಬೇಕೆಂದಿದ್ದ ಜೋಡಿ ಎತ್ತು ಹಿಡಿದು ತರಲು ಹೋದ.

"ಕೈ ಸುಡೂದಿಲ್ಲೇನ್ರಿ?" ಎಂದ.

"ಸುಟ್ರ ನೀವು ತಿಕ್ಕಿ ಕೊಡ್ತೀರೇನು?"

ಅಂಗಿಯ ತೋಳು ಮಡಚಿ ಬಿಸಿ ತೆನೆ ಹಿಡಿದ. ಮರುಕ್ಷಣ "ಹಾ" ಎಂದು ಕುಣಿದಾಡಿದ. ಎಂದೂ ನಗದ ಅಜ್ಜಿ ಕೂಡ ಸೆರಗು ಬಾಯಿಗಿಟ್ಟು ನಕ್ಕಳು.

ಹೊಸಬರ ಜೊತೆ ಮಾತು ಬೆಳೆಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಮೊದಲು ತನ್ನದೊಂದು ಪೇಚಿನ ಕಥೆ ಹೇಳುತ್ತಿದ್ದ, ಆಮೇಲೆ ಸುಮ್ಮನಾಗಿ ನನ್ನ ಮುಖ ನೋಡುತ್ತಿದ್ದ. ಸೊಲ್ಲಾಪುರದಲ್ಲಿ ಟಾಂಗಾದಿಂದ ಬಿದ್ದದ್ದನ್ನು ಅವನು ಹೇಳಿದರೆ, ನಾನು ಬೆಲ್ಲ ಕದ್ದು ಸಿಕ್ಕಿಬಿದ್ದದ್ದನ್ನು ಹೇಳಿದೆ.

ಎತ್ತಿನ ನೆಪದಲ್ಲಿ ಮೂರು ಸಲ ಬಂದ. ಮೂರನೆಯ ಸಲ ಅಜ್ಜಿ ಬೇವಿನ ಬೊಡ್ಡೆಗೆ ಒರಗಿ ತೂಕಡಿಸುತ್ತಿದ್ದಳು. ಅವನು ನನ್ನ ಎಡಕ್ಕೆ ಕೂತ. ನಾನು ಎದ್ದು ಅವನ ಆಚೆ ಬದಿಗೆ ಹೋಗಿ ಕೂತೆ.

"ಯಾಕ, ಸಿಟ್ಟೇನು?"

"ಸಿಟ್ಟಲ್ಲ. ಎಡಗಿವಿ ಕೇಳೂದಿಲ್ಲ ನನಗ. ಸಣ್ಣಾಕಿ ಇದ್ದಾಗ ಸೋರಿ ಸೋರಿ ಹೋತು. ಮನಿಯವರನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಹೇಳಬ್ಯಾಡ್ರಿ ಮತ್ತ."

ಅವನು ನಗಲಿಲ್ಲ. "ಇನ್ಮ್ಯಾಗ ನಾ ಈ ಕಡಿನ ಕೂಡ್ತೀನಿ" ಎಂದ, ಬಲಗಿವಿಯ ಹತ್ತಿರ ಬಗ್ಗಿ, ಮೆಲ್ಲಗೆ. ಮೈಯೆಲ್ಲ ಬೆಚ್ಚಗಾಯಿತು. ಪ್ರೀತಿ ಹುಟ್ಟಿತು, ಸುಳ್ಳು ಯಾಕೆ ಹೇಳಲಿ.

ಎಂಟು ದಿನಕ್ಕೆ ದುಧನಿಯ ಜಮೀನುದಾರ ಕಲ್ಯಾಣಪ್ಪನ ಮನೆಯವರು ಅವನಿಗೆ ಕನ್ಯಾ ನೋಡಲು ಬಂದರು. ಅವರ ಹಿಂದೆ ಅಣ್ಣಾರಾಯ. ಕಲ್ಯಾಣಪ್ಪನ ಅತ್ತೆಯ ಮಗನಂತೆ! ಹೆಣ್ಣು ನೋಡುವ ಮೊದಲು ಇಂಥ ಮಾತುಗಾರನೊಬ್ಬನನ್ನು ಏನೋ ನೆಪ ಹೇಳಿ ಕಳಿಸಿ, ಒಳಗಿನ ವಿಚಾರ ತೆಗೆಸುವುದು ನಮ್ಮ ಕಡೆ ದೊಡ್ಡ ಮನೆತನಗಳ ರೂಢಿ. ಊರ ಬೇರೆ ಹುಡುಗಿಯರ ಪಾಲಿಗೆ ಅಂಥವರು ಬಂದಾಗ ನಾನೇ ನಕ್ಕಿದ್ದೆ.

ಕಲ್ಯಾಣಪ್ಪನ ತಾಯಿ ಗುರುಬಾಯಿ ಕೂತವಳೇ ಕೇಳಿದಳು.

"ಎಡಗಿವಿ ಪೂರಾ ಹೋಗೇದೇನವಾ, ಇಲ್ಲಾ ಸ್ವಲ್ಪರ ಕೇಳ್ತದ?"

ಅಪ್ಪನ ಮುಖ ಕಪ್ಪಿಟ್ಟಿತು. ನೋಡಲು ಸೇರಿದ್ದ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗುರುಬಾಯಿ ತಾಟಿನಲ್ಲಿದ್ದ ಅವಲಕ್ಕಿ ಮುಟ್ಟದೆ ಎದ್ದಳು. ಸಂಜೆಯೊಳಗೆ ಸುದ್ದಿ ಅಕ್ಕಲಕೋಟ ಮುಟ್ಟುತ್ತದೆ. ಇನ್ನು ಯಾವ ಮನೆಯವರು ನನ್ನನ್ನು ಕೇಳಿಕೊಂಡು ಬಂದಾರು?

ಎಲ್ಲರೂ ಚಕ್ಕಡಿ ಏರಿ ಹೋದರು. ಅಣ್ಣಾರಾಯ ಮಾತ್ರ ಪಡಸಾಲೆಯಲ್ಲೇ ಉಳಿದ. ಅವನ ಮುಖದಲ್ಲಿ ಗೆದ್ದವನ ನಗು.

"ನೀಲಗಂಗಾ, ನಿನ್ನ ಕಿವಿ ಸುದ್ದಿ ನಾನ ಬೇಕಂತ ಹೇಳ್ದೆ. ಅವರು ಬ್ಯಾಡ ಅಂದು ಹೋಗ್ಲಿ ಅಂತ. ಈಗ ನಿನ್ನ ನಾ ಮಾಡ್ಕೋತೀನಿ."

ಅಪ್ಪ ಅವನಿಗೆ ಕೈ ಮುಗಿದ. "ದೇವರು ಕಣ್ಣ ತೆರದ" ಎಂದಳು ಅಜ್ಜಿ.

ನನಗೆ ಅವನ ಮೇಲಿನ ಪ್ರೀತಿ ಆ ಗಳಿಗೆಯಲ್ಲೂ ಹೋಗಿರಲಿಲ್ಲ. ಅದಕ್ಕೇ ಅವನೆದುರು ಹೋಗಿ ನಿಂತು ಕೇಳಿದೆ.

"ಮೊದಲ ನನಗ ಯಾಕ ಕೇಳಲಿಲ್ಲ?"

"ಕೇಳಿದ್ರ ನಿಮ್ಮಪ್ಪ ಕೊಡ್ತಿದ್ರೇನು? ಕಲ್ಯಾಣಪ್ಪಂದು ನೂರು ಎಕರೆ. ನಂದು ಎಂಟು."

"ಅಪ್ಪನ ಮಾತು ಬಿಡು. ನಾ ಹೂಂ ಅಂತಿದ್ದೆ. ಉಪಾಸ ಕೂತು ಅಪ್ಪನ್ನ ಹೂಂ ಅನಸ್ತಿದ್ದೆ."

ಮಾತಿನ ಮಲ್ಲ ನನ್ನ ಬಲಗಡೆಗೆ ಸರಿದು ನಿಂತ.

"ನಾಕು ಮಂದ್ಯಾಗ ನನ್ನ ಐಬು ತೆಗೆದು, ಬೆಲಿ ಇಳಿಸಿ ಕೊಳ್ಳಾಕ ಬಂದಿ ನೀ. ಹೋಗು. ನಾ ಒಲ್ಲೆ."

"ಮಗಳ, ಇನ್ನೊಬ್ಬ ಬರೂದಿಲ್ಲವಾ!" ಅಪ್ಪ ನನ್ನ ಕೈ ಹಿಡಿದುಕೊಂಡ.

"ಬರದಿದ್ರ ಬಿಡ್ಲಿ, ಅಪ್ಪಾ."

ಅಣ್ಣಾರಾಯ ಹೊಸ್ತಿಲು ದಾಟುವವರೆಗೆ ನಾನು ಕಣ್ಣು ಮಿಟುಕಿಸದೆ ನಿಂತಿದ್ದೆ. ಆಮೇಲೆ ಎಷ್ಟು ದಿನ ಅತ್ತೆ ಎಂಬುದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.